ಇಳಿಜಾರಿನಲ್ಲಿ ನಿಂತ ಗಾಡಿ

ಸಕ್ಕರೆ ಕಲಸಿದ ನೀರಿನ ಲೋಟವನ್ನು ಯಾರೋ ಕೈಗೆ ಕೊಟ್ಟಾಗ ರಾಮಾಂಜಿನಪ್ಪ ಅದನ್ನು ತಟ್ಟನೆ ಬಾಯಿಗಿಟ್ಟುಕೊಂಡ. ಬಾಯಾರಿಕೆ ಆಗಿತ್ತೆಂದಲ್ಲ, ಲೋಟದ ಹಿಂದೆ ನಗು ಬಚ್ಚಿಟ್ಟುಕೊಳ್ಳಬಹುದಿತ್ತು. ಬೀದಿಯ ಕೆಳತುದಿಯಲ್ಲಿದ್ದ ಅಪ್ಪಯ್ಯಣ್ಣನ ಮನೆಯ ಜಗುಲಿಯ ಮೇಲೆ ಅವನನ್ನು ಕೂರಿಸಿದ್ದರು. ಎದುರಿಗೇ ಅವನನ್ನು ಹೊತ್ತು ತಂದ ಗಾಡಿ, ಅಳಿಯ ರವಿಶಂಕರ ಸೀರೆ ಸಾಗಿಸಲು ಇಟ್ಟುಕೊಂಡಿದ್ದ ಪುಟ್ಟ ಗೂಡ್ಸ್ ಗಾಡಿ, ಅಪ್ಪಯ್ಯಣ್ಣನ ಹೊಸ ಗೇಟಿಗೆ ಮೂತಿಯೊತ್ತಿ ನಿಂತಿತ್ತು. ಗೇಟಿನ ಒಂದು ಬಾಗಿಲು ಒಳಕ್ಕೆ ಬಗ್ಗಿ ಹೋಗಿತ್ತು. ಬೀದಿಯಲ್ಲಿ ಒಣಹಾಕಿದ್ದ ಮೆಣಸಿನಕಾಯಿಯ ಮೇಲೆ ಚಕ್ರ ಹರಿದು, ಘಾಟಿಗೆ ಸುತ್ತ ನಿಂತವರೆಲ್ಲ ಕೆಮ್ಮುತ್ತಿದ್ದರು. ಅದರ ಹೊರತು ಯಾರಿಗೂ ಏನೂ ಆಗಿರಲಿಲ್ಲ. ಡ್ರೈವರ್ ಇಲ್ಲದ ಗಾಡಿಯೊಂದು ಪಕ್ಕದ ಸೀಟಿನಲ್ಲಿ ಒಬ್ಬ ಹಳೇ ನೇಕಾರನನ್ನು ಕೂರಿಸಿಕೊಂಡು ಇಳಿಜಾರಿನ ತುದಿಯಿಂದ ತಾನೇ ಹೊರಟು, ಅರ್ಧ ದಾರಿಯಲ್ಲಿ ತಾನೇ ಸ್ಟಾರ್ಟ್ ಆಗಿ, ಬೀದಿಯೆಲ್ಲ ನೋಡುತ್ತಿರುವಂತೆಯೇ ಬಂದು ಇಲ್ಲಿ ನಿಂತಿತ್ತು, ಅಷ್ಟೇ. "ಪಾಪ, ಗಾಬರಿ ಬಿದ್ದವ್ರೆ, ಅದಕ್ಕೇ ಹಂಗೆ ನಗೋದು," ಎಂದಳು ನೀರು ಕೊಟ್ಟವಳು. ರಾಮಾಂಜಿನಪ್ಪ ಗಾಬರಿ ಬಿದ್ದವನ ಹಾಗೆ ತಲೆಯಾಡಿಸಿದ. ನಿಜವಾಗಿ ಅವನಿಗೆ ಎಷ್ಟು ಖುಷಿಯಾಗಿತ್ತೆಂದರೆ, ಮತ್ತೊಮ್ಮೆ ಮೇಲಕ್ಕೆ ಕರೆದುಕೊಂಡು ಹೋಗಿ ಬಿಡಿ ಎಂದು ಕೇಳಿಬಿಡುತ್ತೇನೇನೋ ಎಂಬ ಭಯದಿಂದ ಹಲ್ಲು ಕಚ್ಚಿ ಕೂತಿದ್ದ. ಅರವತ್ತು ದಾಟಿದವನು, ಮೊಮ್ಮಕ್ಕಳ ವಯಸ್ಸಿನವರು ಸುತ್ತ ನಿಂತಿದ್ದಾರೆ, ಹೊಟ್ಟೆಯೊಳಗೆ ಮಾತ್ರ ಆ ಇಳಿಜಾರು ಇನ್ನೂ ಇಳಿಯುತ್ತಲೇ ಇತ್ತು.

ಆ ಸೀಟು ಅವನಿಗೆ ದಕ್ಕಿದ್ದು ಮಗ್ಗ ಎತ್ತಿಸಿದ ಮೇಲೆ. ಮನೆಯ ಹಿಂದಿನ ಮಗ್ಗದ ಕೋಣೆಯಲ್ಲಿ ಈಗ ಸೂರತ್ತಿನಿಂದ ಬಂದ ಸೀರೆಯ ಡಬ್ಬಗಳಿದ್ದವು. ನೇಯ್ದು ಮಾರುವುದಕ್ಕಿಂತ ತರಿಸಿ ಮಾರುವುದು ವಾಸಿ ಎಂದು ರವಿಶಂಕರ ಹೇಳಿದಾಗ ಎದುರು ಹೇಳಲು ಅವನ ಬಳಿ ಏನೂ ಇರಲಿಲ್ಲ, ಅಳಿಯ ಹೇಳಿದ್ದು ಸರಿಯೇ ಇತ್ತು. ಅಳಿಯ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಎಷ್ಟೋ ಸಲೀಸಿತ್ತು, ಬೈದುಕೊಂಡಾದರೂ ಹೊತ್ತು ಹೋಗುತ್ತಿತ್ತು. ಮಾವ ಡಬ್ಬಗಳ ನಡುವೆ ಸುಮ್ಮನೆ ತಿರುಗುವುದನ್ನು ನೋಡಲಾರದೆ ಅವನೇ ಒಂದು ಕೆಲಸ ಹುಡುಕಿ ಕೊಟ್ಟ: ಡ್ರೈವರ್ ಹೈದರ್ ಸೀರೆ ಹೊತ್ತು ಅಂಗಡಿಯೊಳಕ್ಕೆ ಹೋದಾಗ ಗಾಡಿಯ ಹತ್ತಿರ ಯಾರಾದರೂ ಇರಬೇಕಲ್ಲ. ಬಹಳ ಗೌರವದ ಕೆಲಸವೆಂದೇ ರಾಮಾಂಜಿನಪ್ಪ ಹೊಸ ಚಪ್ಪಲಿ ಹಾಕಿಕೊಂಡು ಹೊರಟಿದ್ದ. ಹಿಂದಿನ ಬಾಗಿಲ ಬೀಗ ಕೆಟ್ಟಿದೆಯೆಂದು ಹೈದರ್ ಫೋನು ಮಾಡಿದಾಗ, "ಮಾವ ಇದಾರಲ್ಲ, ಇನ್ಯಾಕೆ ಬೀಗ" ಎಂದು ಅಳಿಯ ಅಂದದ್ದು ಪಕ್ಕದಲ್ಲೇ ಕೂತಿದ್ದ ಅವನ ಕಿವಿಗೂ ಬಿತ್ತು. ಅಂದಿನಿಂದ ಅವನು ತನ್ನನ್ನು ಬೀಗ ಎಂದೇ ಕರೆದುಕೊಳ್ಳುತ್ತಿದ್ದ. ಬೆಳಿಗ್ಗೆ ಎದ್ದು ಬೀಗ ಸ್ನಾನ ಮಾಡಿತು, ಬೀಗ ಉಪ್ಪಿಟ್ಟು ತಿಂದಿತು. ಆದರೆ ಸೀಟಿನ ವಿಷಯ ಬೇರೆ. ಹುಟ್ಟಿದಾಗಿನಿಂದ ದೊಡ್ಡಬಳ್ಳಾಪುರದ ಒಂದು ಕೋಣೆಯಲ್ಲಿ, ಮೊಳದಷ್ಟು ಬಟ್ಟೆಯನ್ನು ನೋಡುತ್ತ ನಿಂತವನ ಮುಂದೆ ಈಗ ಇಷ್ಟಗಲದ ಗಾಜು. ನೆಲಮಂಗಲದ ಆಚೆ ಶಿವಗಂಗೆ ಬೆಟ್ಟ ಒಂದು ಕಡೆಯಿಂದ ಎತ್ತಿನ ಹಾಗೆ, ಇನ್ನೊಂದು ಕಡೆಯಿಂದ ಬೇರೇನೋ ಹಾಗೆ ಕಾಣುವುದನ್ನು ಅವನು ಮೊದಲು ನೋಡಿದ್ದು ಈ ಗಾಜಿನಲ್ಲೇ. ಅರಿಶಿನಕುಂಟೆಯ ಹತ್ತಿರ ಹೆದ್ದಾರಿಗೆ ಏರುವಾಗ ಹೈದರ್ ಒಮ್ಮೆಲೇ ವೇಗ ಹೆಚ್ಚಿಸಿದರೆ ಇವನ ಕಾಲ್ಬೆರಳುಗಳು ಚಪ್ಪಲಿಯೊಳಗೆ ಮಡಚಿಕೊಳ್ಳುತ್ತಿದ್ದವು. ಅದನ್ನು ಯಾರಿಗೂ ಹೇಳಿರಲಿಲ್ಲ, ಮಗಳು ಅಕ್ಷತಳಿಗೂ. ಬೀಗಕ್ಕೆ ಗಾಳಿ ಇಷ್ಟವೆಂದು ಹೇಗೆ ಹೇಳುವುದು.

ಮೂಲೆಯ ಗ್ಯಾರೇಜಿನಿಂದ ಮೆಕ್ಯಾನಿಕ್ ಪಿಳ್ಳಣ್ಣ ಬಂದ. ಅಷ್ಟರಲ್ಲಿ ರವಿಶಂಕರನೂ ಅಕ್ಷತಳೂ ಸ್ಕೂಟರಿನಲ್ಲಿ ಬಂದಿಳಿದಿದ್ದರು. ಅಕ್ಷತ ಅಪ್ಪನ ಹಣೆ ಮುಟ್ಟಿ, ಕೈ ಕಾಲು ಒತ್ತಿ ನೋಡಿ, ಮೂಳೆಯೆಲ್ಲ ಇದ್ದಲ್ಲೇ ಇದೆಯೆಂದು ಗೊತ್ತಾದ ಮೇಲೆ ಬೈಯತೊಡಗಿದಳು. ಪಿಳ್ಳಣ್ಣ ಗಾಡಿಯ ಕೆಳಗೆ ತಲೆಹಾಕಿ, ಮೇಲೆದ್ದು, ಬೀದಿಯವರು ಇನ್ನಷ್ಟು ಸೇರಲಿ ಎಂಬಂತೆ ಸ್ವಲ್ಪ ಹೊತ್ತು ಕೈ ಒರೆಸಿಕೊಂಡ.

"ನಿಂತಿರೋ ಗಾಡಿ ತಾನೇ ಸ್ಟಾರ್ಟ್ ಆಗೋಕೆ ಕಾರಣ ಒಂದಾ ಎರಡಾ," ಎಂದ. "ಸ್ಟಾರ್ಟರ್ ರಿಲೇ ಅಂತ ಇರುತ್ತೆ, ಅದು ಅಂಟ್ಕೊಂಡ್ರೆ ಆಯ್ತು. ಕೀ ಹಾಕೋ ಜಾಗ ಸವೆದಿದ್ರೂ ಆಯ್ತು. ಇಲಿ ವೈರ್ ಕಡಿದು ಒಂದಕ್ಕೊಂದು ತಾಗಿದ್ರೂ ಆಯ್ತು. ಗಾಡಿ ಗೇರಲ್ಲಿದ್ದಾಗ ಹಂಗೆ ಶಾರ್ಟ್ ಆದ್ರೆ ಸ್ಟಾರ್ಟರೇ ಗಾಡಿನ ಎಳ್ಕೊಂಡ್ ಹೋಗ್ಬಿಡುತ್ತೆ."

"ಅವೆಲ್ಲ ಅಲ್ಲ," ಎಂದ ಅಪ್ಪಯ್ಯಣ್ಣ. ಗೇಟು ಹೋದ ದುಃಖಕ್ಕಿಂತ, ಹೋದದ್ದು ತನ್ನ ಗೇಟೇ ಎಂಬ ಹೆಮ್ಮೆ ಅವನ ಮುಖದಲ್ಲಿ ಹೆಚ್ಚಾಗಿತ್ತು. "ಆ ಬೇವಿನ ಮರದ ಕೆಳಗೆ ಏನು ನಿಲ್ಸಿದ್ರೂ ನಿಲ್ಲಲ್ಲ. ನಮ್ಮಪ್ಪನ ಕಾಲದಲ್ಲಿ ಎತ್ತಿನ ಗಾಡಿನೇ ಹೊರಟೋಗಿತ್ತು."

"ಎತ್ತಿಗೆ ಕಾಲಿರುತ್ತೆ ಅಪ್ಪಯ್ಯಣ್ಣ," ಎಂದ ಪಿಳ್ಳಣ್ಣ. "ಇದು ಸ್ಟಾರ್ಟ್ ಆಗಿ ಉರುಳಿದ್ದಲ್ಲ, ಉರುಳಿ ಸ್ಟಾರ್ಟ್ ಆಗಿದ್ದು. ಎಲ್ರೂ ನೋಡವ್ರೆ. ಕೀ ಆನ್ ಇದ್ದು, ಉರುಳೋವಾಗ ಗೇರ್ ಬಿದ್ರೆ ಹಂಗಾಗುತ್ತೆ, ನಾವು ತಳ್ಳಿ ಸ್ಟಾರ್ಟ್ ಮಾಡಲ್ವಾ, ಹಂಗೆ. ಆದ್ರೆ ಮೊದಲು ಇದ್ದ ಗೇರು ತಪ್ಪಬೇಕಲ್ಲ. ಯಾರು ತಪ್ಸಿದ್ರು?"

ಎಲ್ಲರೂ ಒಮ್ಮೆ ರಾಮಾಂಜಿನಪ್ಪನ ಕಡೆ ನೋಡಿದರು. ಗಾಡಿಯೊಳಗಿದ್ದವನು ಅವನೊಬ್ಬನೇ. ಅವನು ಲೋಟ ಕೆಳಗಿಟ್ಟು, ಏನೋ ಆಗಲಿದೆ ಎಂದು ಬೆನ್ನು ನೆಟ್ಟಗೆ ಮಾಡಿಕೊಂಡ. ಆದರೆ ಅಷ್ಟರಲ್ಲೇ ಎಲ್ಲರ ಕಣ್ಣೂ ಅವನನ್ನು ದಾಟಿ ಮುಂದಕ್ಕೆ ಹೋಗಿ, ಹೈದರನ ಮೇಲೆ ಕೂತವು. "ಮಾವಂಗೆ ಸೈಕಲ್ಲೇ ಬರಲ್ಲ," ಎಂದ ರವಿಶಂಕರ, ಮಾವನ ಪರವಾಗಿ. ಅನುಮಾನ ಪಡುವಷ್ಟು ಕೂಡ ತನ್ನಲ್ಲಿ ಏನೂ ಉಳಿದಿಲ್ಲವೆಂದು ರಾಮಾಂಜಿನಪ್ಪನಿಗೆ ಬಹಳ ಅವಮಾನವಾಯಿತು. ಬೀಗ ತಾನಾಗಿ ಬಾಗಿಲು ತೆಗೆಯಿತೆಂದು ಯಾರು ತಾನೇ ಅಂದುಕೊಳ್ಳುತ್ತಾರೆ.

ಹೈದರ್ ಟೀ ಅಂಗಡಿಯಿಂದ ಓಡಿಬಂದವನು ಹಾಗೆಯೇ ನಿಂತಿದ್ದ. ಅವನ ಎರಡು ಕೈಯಲ್ಲೂ ಒಂದೊಂದು ಕಾಗದದ ಲೋಟ, ಟೀ ಅರ್ಧ ಚೆಲ್ಲಿತ್ತು. ಒಂದು ಅವನದು, ಇನ್ನೊಂದು ರಾಮಾಂಜಿನಪ್ಪನದು, ಸಕ್ಕರೆ ಕಮ್ಮಿ. ಪಿಳ್ಳಣ್ಣ ಹೇಳಿದ ಕಾರಣಗಳಲ್ಲಿ ಯಾವುದನ್ನು ಹಿಡಿದು ಎಳೆದರೂ ಅದರ ಇನ್ನೊಂದು ತುದಿ ಹೈದರನ ಕೈಗೇ ಬರುತ್ತಿತ್ತು. ವೈರ್ ಕಡಿದಿದ್ದರೆ ಅವನು ನೋಡಬೇಕಿತ್ತು, ಗೇರು ತಪ್ಪಿದ್ದರೆ ಅವನು ಸರಿಯಾಗಿ ಹಾಕಿರಲಿಲ್ಲ. ಹ್ಯಾಂಡ್‌ಬ್ರೇಕ್ ಹಿಡಿಯುತ್ತಿಲ್ಲವೆಂದು ಅವನು ಎಷ್ಟೋ ಸಲ ಹೇಳಿದ್ದ, ಮುಂದಿನ ವಾರ ಮಾಡಿಸೋಣ ಎಂದು ರವಿಶಂಕರ ಅಷ್ಟೇ ಸಲ ಹೇಳಿದ್ದ. ಆ ಮಾತನ್ನು ಈಗ ಇಬ್ಬರಲ್ಲಿ ಯಾರೂ ಎತ್ತಲಿಲ್ಲ. "ಕೀ ಯಾಕೆ ಆನಲ್ಲಿ ಬಿಟ್ಟೋದೆ?" ಎಂದ ರವಿಶಂಕರ. ಕೀ ಆನಿನಲ್ಲಿದ್ದದ್ದು ರೇಡಿಯೊಕ್ಕಾಗಿ, ರೇಡಿಯೊ ಇದ್ದದ್ದು ರಾಮಾಂಜಿನಪ್ಪನಿಗಾಗಿ. ಅದನ್ನು ಹೇಳದೆ ಹೈದರ್ ಟೀ ಲೋಟಗಳನ್ನು ಎಲ್ಲಿ ಇಡುವುದೆಂದು ಸುತ್ತ ನೋಡುತ್ತಿದ್ದ.

"ವಯಸ್ಸಾದೋರ್ನ ಒಳಗೆ ಕೂರ್ಸಿ ಹಂಗೆ ಬಿಟ್ಟೋದ್ರೆ ಹೆಂಗಪ್ಪಾ," ಎಂದ ರವಿಶಂಕರ, ದನಿ ಎತ್ತದೆ. "ಏನಾದ್ರೂ ಆಗಿದ್ರೆ ಯಾರು ಜವಾಬ್ದಾರಿ? ಬೇಡ ಬಿಡು. ನಾಳೆಯಿಂದ ಬೇರೆ ಕಡೆ ನೋಡ್ಕೊ."

ಆಗಲೇ, ಬೆಳಿಗ್ಗೆ ಹೋಗಿದ್ದ ಕರೆಂಟು ಬಂತು. ಇಷ್ಟು ಹೊತ್ತು ಸುಮ್ಮನಿದ್ದ ಬೀದಿಯಲ್ಲಿ, ಅಪ್ಪಯ್ಯಣ್ಣನ ಮನೆಯೊಳಗೆ, ಒಂದೇ ಒಂದು ಮಗ್ಗ ತಾನೇ ತಾನಾಗಿ ಹೊರಟಿತು. ಖಾಲಿ ಕೋಣೆಯಲ್ಲಿ ಟಕಟಕ ಟಕಟಕ ಎಂದು ಅದು ನೇಯತೊಡಗಿದಾಗ ಹೊರಗೆ ಗಾಡಿ ನೋಡುತ್ತಿದ್ದವರೆಲ್ಲ ಬೆಚ್ಚಿಬಿದ್ದರು. "ಯಾವನೋ ಅದು ಹ್ಯಾಂಡಲ್ ತಳ್ಳದೆ ಎದ್ದು ಬಂದಿರೋನು," ಎಂದು ಬೈಯುತ್ತ ಅಪ್ಪಯ್ಯಣ್ಣ ಒಳಕ್ಕೆ ಓಡಿದ. ರಾಮಾಂಜಿನಪ್ಪ ತನ್ನ ಬಲಗೈಯನ್ನು ನೋಡಿಕೊಂಡ. ಕರೆಂಟು ಹೋದ ಕೂಡಲೇ ಮೊದಲು ಕೈ, ಆಮೇಲೆ ಬಾಯಿ ಎನ್ನುತ್ತಿದ್ದ ಅಪ್ಪ. ಹ್ಯಾಂಡಲನ್ನು ಮುಂದಕ್ಕೆ ತಳ್ಳಿ ಮಗ್ಗ ಬಿಡಿಸದೆ ಹೋದರೆ, ಕರೆಂಟು ಬಂದಾಗ ಯಾರೂ ಇಲ್ಲದಿದ್ದರೂ ಅದು ಹೊರಡುತ್ತದೆ, ಲಾಳಿ ಹಾರಿ ಯಾರ ಕಣ್ಣಿಗೋ ಬೀಳುತ್ತದೆ, ಎಳೆ ಹರಿದು ಇಡೀ ಸೀರೆ ಹಾಳಾಗುತ್ತದೆ. ಚಿಕ್ಕಂದಿನಲ್ಲಿ ಒಮ್ಮೆ ಮರೆತಿದ್ದಕ್ಕೆ ಬಿದ್ದ ಏಟು ಕಿವಿಯಲ್ಲಿ ಈಗಲೂ ಬಿಸಿಯಾಗಿದೆ. ಆಮೇಲೆ ಜೀವಮಾನವಿಡೀ ಕೈ ಮರೆಯಲಿಲ್ಲ. ನಿದ್ದೆಯಲ್ಲಿ ಕರೆಂಟು ಹೋಗಿ ಫ್ಯಾನು ನಿಂತರೆ ಕೈ ಗೋಡೆಯನ್ನು ತಳ್ಳುತ್ತಿತ್ತು. ಹೆಂಡತಿ ಬದುಕಿದ್ದಾಗ ಅವಳನ್ನೇ ತಳ್ಳಿ, ಅವಳು ಮಂಚದಿಂದ ಕೆಳಗೆ ಬಿದ್ದು, ಕತ್ತಲಲ್ಲಿ ಇಬ್ಬರೂ ನಕ್ಕಿದ್ದುಂಟು. ಇವತ್ತು ಬೇವಿನ ಮರದ ಕೆಳಗೆ ಗಾಡಿಯಲ್ಲಿ ಕೂತಿದ್ದಾಗ ಬೀದಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಬಲಗೈಯ ಹತ್ತಿರವೇ ಇತ್ತು, ಉದ್ದಕ್ಕೆ, ಗುಂಡು ತಲೆಯ, ಅಂಗೈಯಲ್ಲಿ ಸರಿಯಾಗಿ ಕೂರುವಂಥ ಗೇರಿನ ಹಿಡಿ. ಗಾಡಿ ನಿಲ್ಲಿಸಿದಾಗ ಹೈದರ್ ಅದನ್ನು ಹಿಂದಕ್ಕೆ ಎಳೆದಿಡುತ್ತಿದ್ದ. ಕೈ ಅದನ್ನು ಮುಂದಕ್ಕೆ ತಳ್ಳಿತು. ಗಾಡಿ ಅಲುಗಿತು. ಒಂದೇ ತಳ್ಳಿಗೆ ನಿಲ್ಲದ ಮಗ್ಗವನ್ನು ಇನ್ನೊಮ್ಮೆ ತಳ್ಳಬೇಕು. ಕೈ ಇನ್ನೊಮ್ಮೆ ತಳ್ಳಿತು, ಕರಕರ ಸದ್ದಾಯಿತು, ಗಾಡಿ ಕುಪ್ಪಳಿಸಿ ಸ್ಟಾರ್ಟ್ ಆಯಿತು. ನಿಲ್ಲಿಸುವ ಕೈಯೇ ಹೊರಡಿಸಿಬಿಟ್ಟಿತ್ತು.

"ನಾನೇ ಕಣಪ್ಪ," ಎಂದ ರಾಮಾಂಜಿನಪ್ಪ ಜಗುಲಿಯಿಂದ. ನಗು ಅದುಮಿಕೊಂಡು ಹೇಳಿದ್ದರಿಂದ ಅದು ಬಿಕ್ಕಿದ ಹಾಗೆ ಕೇಳಿಸಿತು. ಮಗ್ಗ, ಹ್ಯಾಂಡಲು, ಕೈ ಎಲ್ಲವನ್ನೂ ವಿವರಿಸಿದ. ರವಿಶಂಕರ ಮುಖ ಮೆತ್ತಗೆ ಮಾಡಿಕೊಂಡು ಕೇಳಿದ. "ಮಾವ, ಹೈದರ್ ಮೇಲೆ ನಿಮಗೆ ಪ್ರೀತಿ ಇದೆ, ಗೊತ್ತು. ಅದಕ್ಕೋಸ್ಕರ ನೀವು ತಪ್ಪು ಹೊತ್ಕೋಬೇಡಿ," ಎಂದ. ಪಿಳ್ಳಣ್ಣ, ಗೇರು ಹಾಗೆ ಸುಮ್ಮನೆ ಬೀಳುವುದಿಲ್ಲ ಯಜಮಾನ್ರೆ ಎಂದು ನಕ್ಕ. ಅಕ್ಷತ ಬಿಪಿ ಮಾತ್ರೆ ನುಂಗಿದಿರಾ ಎಂದು ಕೇಳಿದಳು. ನಿಜ ಹೇಳಿದರೆ ಬೈಗುಳ ಬೀಳುತ್ತದೆಂದು ಸಿದ್ಧವಾಗಿದ್ದವನಿಗೆ ಬಿದ್ದದ್ದು ಮರುಕ. ಅವನಿಗೆ ಸಿಟ್ಟು ಬಂತು, ಆ ಸಿಟ್ಟಿನ ಕೆಳಗೂ ಆ ಇಳಿಜಾರು ಗುಳುಗುಳು ಎನ್ನುತ್ತಿತ್ತು.

ಕೈ ಹಿಡಿದದ್ದು ಅಪ್ಪಯ್ಯಣ್ಣ. ಅವನೂ ನೇಕಾರ. "ಆಗುತ್ತೆ ಕಣ್ರೀ. ನಮ್ಮೆಂಗಸ್ರು ಚಪಾತಿ ಲಟ್ಟಿಸೋವಾಗ ಕರೆಂಟ್ ಹೋದ್ರೆ ಲಟ್ಟಣಿಗೆ ತಳ್ತಾರೆ. ಗೇಟು ನಂದು ಹೋಗಿರೋದು, ಕಾರಣ ನಂಗೆ ಗೊತ್ತಾಗ್ಬೇಕು. ಗಾಡಿ ಮೇಲಕ್ಕೆ ತಗೊಂಡೋಗಿ ನಿಲ್ಸಿ, ಇವ್ರು ಕೂತ್ಕೊಳ್ಳಿ. ಕರೆಂಟ್ ಹೋಗ್ಲಿ, ನೋಡೋಣ." ಬೀದಿಗೆ ಇದು ಬಹಳ ಹಿಡಿಸಿತು. ಇಷ್ಟು ಜನ ಸೇರಿ ಕೇಳುವಾಗ ಬೇಡವೆನ್ನಲು ರವಿಶಂಕರನಿಗೆ ಆಗಲಿಲ್ಲ. "ಸರಿ," ಎಂದ. "ಮಾವನ ಕೈಯೇ ಮಾಡಿದ್ದು ಅಂತಾದ್ರೆ ಹೈದರ್ ಕೆಲಸದಲ್ಲಿ ಇರ್ಲಿ. ಆದ್ರೆ ಮಾವ, ಆಮೇಲೆ ನೀವು ಈ ಗಾಡಿ ಹತ್ತೋ ಹಂಗಿಲ್ಲ. ನಾನು ಹೇಳ್ತಿರೋದು ನಿಮ್ಮ ಒಳ್ಳೇದಕ್ಕೆ." ಅಕ್ಷತಳೂ ಹೌದೆಂದಳು. ಬೆಟ್ಟ ಬೇಡ, ಹೆದ್ದಾರಿ ಬೇಡ, ಪಕ್ಕದ ಮಧುರೆಯ ಕಡೆ ಹೊಲಗಳ ನಡುವೆ ಬೀಸುವ ಗಾಳಿಯೂ ಬೇಡ, ಡಬ್ಬಗಳ ಕೋಣೆಯೊಂದಿದ್ದರೆ ಸಾಕು ಎಂದು ರಾಮಾಂಜಿನಪ್ಪ ಮನಸ್ಸಿನಲ್ಲೇ ಆ ಸೀಟಿನ ಆಸೆ ಬಿಟ್ಟುಕೊಟ್ಟ. "ಆಗಲಿ," ಎಂದು ಎದ್ದ.

ಬೇವಿನ ಮರದ ಕೆಳಗೆ ಬೆಳಿಗ್ಗೆ ನಿಂತಿದ್ದಲ್ಲೇ ಗಾಡಿಯನ್ನು ಮೂತಿ ಕೆಳಕ್ಕೆ ಮಾಡಿ ನಿಲ್ಲಿಸಿದರು. ಬೀದಿಯ ಮಕ್ಕಳನ್ನು, ಕೋಳಿಗಳನ್ನು, ಉಳಿದ ಮೆಣಸಿನಕಾಯಿಯನ್ನು ಒಳಕ್ಕೆ ಸೇರಿಸಿದರು. ಏನಾದರೂ ಹೆಚ್ಚುಕಡಿಮೆಯಾದರೆ ಹಾರಿ ಬ್ರೇಕ್ ತುಳಿಯಲೆಂದು ಹೈದರನನ್ನು ಡ್ರೈವರ್ ಕಡೆಯ ಬಾಗಿಲು ತೆಗೆದು ನಿಲ್ಲಿಸಿದರು. ಕೀ ಆನ್ ಮಾಡಿದರು, ರೇಡಿಯೊ ಹಾಡಿತು. ಎಲ್ಲ ಸಿದ್ಧವಾದ ಮೇಲೆ ಕರೆಂಟು ಹೋಗಲಿಲ್ಲ. ದಿನಾ ಹೇಳದೆ ಕೇಳದೆ ಹೋಗುವಂಥದ್ದು, ಅದಕ್ಕಾಗಿ ಇಷ್ಟು ಜನ ಗೋಡೆಗೊರಗಿ ಕಾದಾಗ ಮದುವೆಗೆ ಬಂದ ನೆಂಟರ ಹಾಗೆ ಕದಲದೆ ಕೂತಿತು. ವಿದ್ಯುತ್ ಕಚೇರಿಗೆ ಫೋನು ಮಾಡಿ ಸ್ವಲ್ಪ ತೆಗೀರಿ ಸಾರ್ ಎಂದು ಕೇಳೋಣವೇ ಎಂದು ಯಾರೋ ಅಂದರು. ಕೊನೆಗೆ ಅಪ್ಪಯ್ಯಣ್ಣ ತಾನೇ ಹೋಗಿ ತನ್ನ ಮಗ್ಗಗಳನ್ನು ನಿಲ್ಲಿಸಿದ, ಪಕ್ಕದವರು ನಿಲ್ಲಿಸಿದರು, ಎದುರಿನವರು ನಿಲ್ಲಿಸಿದರು. ಆದರೆ ಅದು ಒಂದೊಂದಾಗಿ ನಿಂತಿತು. ಸದ್ದು ಕಮ್ಮಿಯಾಯಿತೇ ಹೊರತು ಮೌನ ಬೀಳಲಿಲ್ಲ. ಕೈ ತೊಡೆಯ ಮೇಲೆ ಒಳ್ಳೆಯ ಮಗುವಿನ ಹಾಗೆ ಮಲಗಿತ್ತು. ಯಾರೋ ಕಿಸಕ್ಕೆಂದರು. "ಸಾಕು ಮಾವ, ಇಳೀರಿ, ಬಿಸಿಲು ಜಾಸ್ತಿ," ಎಂದ ರವಿಶಂಕರ. ಮಗ್ಗಗಳು ಮತ್ತೆ ಶುರುವಾದವು.

ಅವನು ಇಳಿಯಲಿಲ್ಲ. ಸೀಟಿಗೆ ಅಂಟಿಕೊಂಡು, "ಇನ್ನೊಂದ್ ಸ್ವಲ್ಪ ಹೊತ್ತು," ಎಂದ. ಗಾಜಿನ ಮುಂದೆ ಬೀದಿ ಇಳಿದು, ಕೊನೆಯಲ್ಲಿ ಬಲಕ್ಕೆ ತಿರುಗಿ ದೊಡ್ಡ ರಸ್ತೆಗೆ ಸೇರುತ್ತಿತ್ತು. ಹೈದರ್ ಬಾಗಿಲ ಬಳಿ ಸುಮ್ಮನೆ ನಿಂತು ಇವನ ಕೈಯನ್ನೇ ನೋಡುತ್ತಿದ್ದ. ಬದುಕಿನಲ್ಲಿ ತನ್ನ ಕೈಯನ್ನು ಇಷ್ಟು ಆಸೆಯಿಂದ ಯಾರೂ ನೋಡಿದ್ದಿಲ್ಲವೆಂದು ರಾಮಾಂಜಿನಪ್ಪನಿಗೆ ನಾಚಿಕೆಯಾಯಿತು. ಅಷ್ಟರಲ್ಲಿ ಕರೆಂಟು ಹೋಯಿತು. ನಿಜವಾಗಿ ಹೋಯಿತು, ಇಡೀ ಬೀದಿ ಒಂದೇ ಏಟಿಗೆ ಸತ್ತಂತೆ. ರಾಮಾಂಜಿನಪ್ಪ ಕೈಯನ್ನು ನೋಡಿದ. ಅದು ಕದಲಲಿಲ್ಲ. ಎಲ್ಲರೂ ನೋಡುತ್ತಿದ್ದಾರೆಂದು ಅದಕ್ಕೂ ಸಂಕೋಚ ಹಿಡಿದಿತ್ತು. ಬೆರಳೂ ಅಲುಗಲಿಲ್ಲ. ಒಂದು ಉಸಿರಿನಷ್ಟು ಹೊತ್ತು ಹೀಗೆ ಹೋಯಿತು. ಬಾಗಿಲ ಬಳಿ ಹೈದರ್ ಕಣ್ಣು ಕೆಳಗೆ ಹಾಕಿದ. ಆಗ ರಾಮಾಂಜಿನಪ್ಪ ಆ ಕೈಯನ್ನು ಎತ್ತಿದ, ಅದು ಬೇರೆಯವರ ಕೈ ಎಂಬಂತೆ ಎತ್ತಿ, ಹಿಡಿಯ ಮೇಲೆ ಇಟ್ಟು, ಬಲವಾಗಿ ಮುಂದಕ್ಕೆ ತಳ್ಳಿದ.

ಗಾಡಿ ಅಲುಗಿತು, ಉರುಳಿತು. ಅವನು ಇನ್ನೊಮ್ಮೆ ತಳ್ಳಿದ. ಕರಕರ ಎಂದು ಕಚ್ಚಿಕೊಂಡು, ಕುಪ್ಪಳಿಸಿ, ಸ್ಟಾರ್ಟ್ ಆಯಿತು. ಬೀದಿಯವರು ಹೋ ಎಂದು ಕೂಗಿದ್ದು ಎರಡೂ ಕಿವಿಯ ಪಕ್ಕದಲ್ಲಿ ಹಾದುಹೋಯಿತು. ಹೈದರ್ ಜೊತೆಗೇ ಓಡಿ, ಬಾಗಿಲು ಹಿಡಿದು, ಹಾರಿ ಸೀಟಿನ ಮೇಲೆ ಬಿದ್ದ. ಬ್ರೇಕ್ ತುಳಿಯಬಹುದಿತ್ತು, ತುಳಿಯಲಿಲ್ಲ. ಸ್ಟೇರಿಂಗ್ ಹಿಡಿದು ಅಪ್ಪಯ್ಯಣ್ಣನ ಗೇಟನ್ನು ಕೂದಲೆಳೆಯಲ್ಲಿ ತಪ್ಪಿಸಿ, ತಿರುವು ದಾಟಿ, ದೊಡ್ಡ ರಸ್ತೆಗೆ ಬಿಟ್ಟ. ಹಿಂದೆ, ಕೈ ಬೀಸುತ್ತ ಓಡಿಬರುತ್ತಿದ್ದ ರವಿಶಂಕರ ಕನ್ನಡಿಯಲ್ಲಿ ಚಿಕ್ಕವನಾದ. "ನಂಬಿದೆ ಮಾವ, ನಂಬಿದೆ," ಎನ್ನುತ್ತಿದ್ದಂತೆ ಕೇಳಿಸಿತು.

ರಾಮಾಂಜಿನಪ್ಪನಿಗೆ ನಗು ತಡೆಯಲಾಗಲಿಲ್ಲ. ಇನ್ನು ಲೋಟವೂ ಬೇಕಿರಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಹೈದರ್ ನಗಲಿಲ್ಲ. ಬಹಳ ದೂರ ಹೋದ ಮೇಲೆ ಗಾಡಿಯನ್ನು ನಿಧಾನ ಮಾಡಿದ.

"ನನ್ನ ಕೆಲ್ಸ ಉಳೀತು ಯಜಮಾನ್ರೆ. ನಿಮ್ಮ ಸೀಟು ಹೋಯ್ತು," ಎಂದ.

"ಹೋಗ್ಲಿ ಬಿಡು. ವಾಪಸ್ ಹೋಗೋವರ್ಗೂ ಇದೆಯಲ್ಲ."

"ಈಗ ನೀವೇ ತಳ್ಳಿದ್ರಿ. ನಾನು ನೋಡ್ದೆ."

"ಹೂಂ."

ಹೈದರ್ ಗೇರು ಬದಲಿಸಿದ. ಆಮೇಲೆ, ಕೇಳಬಾರದ್ದನ್ನು ಕೇಳುವವನ ಹಾಗೆ ಮೆಲ್ಲಗೆ, "ಬೆಳಿಗ್ಗೇನೂ ಹಿಂಗೇನಾ?" ಎಂದ.

ಇಲ್ಲ ಎನ್ನಲು ರಾಮಾಂಜಿನಪ್ಪ ಬಾಯಿ ತೆರೆದ. ಬೆಳಿಗ್ಗೆ ಮಗ್ಗಗಳು ನಿಂತ ಆ ಗಳಿಗೆಯನ್ನು ನೆನೆಸಿಕೊಂಡ: ಹೈದರ್ ಟೀ ತರಲು ಮರೆಯಾಗಿದ್ದ, ಬೀದಿಗೆ ಇನ್ನೂ ಯಾರೂ ಹೊರಬಂದಿರಲಿಲ್ಲ, ಗಾಜಿನ ತುಂಬ ಆ ಇಳಿಜಾರು ಖಾಲಿ ಬಿದ್ದಿತ್ತು, ಕಾಲ್ಬೆರಳುಗಳು ಆಗಲೇ ಚಪ್ಪಲಿಯೊಳಗೆ ಮಡಚಿಕೊಂಡಿದ್ದವು. ಕರೆಂಟು ಹೋಗಿದ್ದು ಅದಾದ ಮೇಲೆ. ಅವನು ತೆರೆದ ಬಾಯನ್ನು ಮುಚ್ಚಿ, ಬಲಗೈಯನ್ನು ಎಡಗೈಯಿಂದ ಗಟ್ಟಿಯಾಗಿ ಹಿಡಿದುಕೊಂಡ.

"ನಂಗೂ ಈಗ ಅದೇ ಅನುಮಾನ ಕಣೋ," ಎಂದ.